ಶಾಲೆಗೊಂದು ದೂರದರ್ಶಕ: ಮೊದಲು ಕಾಲು, ನಂತರ ಮಸೂರ, ಕೊನೆಗೆ ಫೋನು

ಹುಣಸೂರು ತಾಲ್ಲೂಕಿನ ಒಂದು ಸರ್ಕಾರಿ ಪ್ರೌಢಶಾಲೆಗೆ ಅಲ್ಲಿನ ಹಳೆಯ ವಿದ್ಯಾರ್ಥಿಗಳು ಈ ವರ್ಷ ಒಂದು ದೂರದರ್ಶಕ ಕೊಡಿಸಲು ಮುಂದೆ ಬಂದಿದ್ದಾರೆ. ಇಂಟರ್ನ್‌ಶಿಪ್‌ಗೆಂದು ಅಲ್ಲಿದ್ದ ನಮಗೆ ಮುಖ್ಯೋಪಾಧ್ಯಾಯರು ಒಂದು ಕೆಲಸ ವಹಿಸಿದರು: ಯಾವುದನ್ನು ತರಿಸಬೇಕು, ಕಾರಣ ಸಮೇತ ಬರೆದುಕೊಡಿ. ದಾನಿಗಳ ಬೇಡಿಕೆ ಒಂದೇ ಇತ್ತು. “ಫೋನ್ ಸಿಕ್ಕಿಸಿದರೆ ಎಲ್ಲಿ ನೋಡಬೇಕು ಅಂತ ಅದೇ ತೋರಿಸುತ್ತಂತಲ್ಲ, ಅಂಥದ್ದೇ ಇರಲಿ.”

ಇಂಥ ಹಣ ಒಂದು ಶಾಲೆಗೆ ಒಂದೇ ಸಲ ಬರುತ್ತದೆ. ತಪ್ಪು ಉಪಕರಣ ಬಂದರೆ ಅದನ್ನು ಹಿಂದಿರುಗಿಸುವವರಿಲ್ಲ. ದಾಸ್ತಾನು ಪುಸ್ತಕದಲ್ಲಿ ಒಂದು ಸಾಲಾಗಿ, ಬೀರುವಿನಲ್ಲಿ ಒಂದು ಪೆಟ್ಟಿಗೆಯಾಗಿ ಉಳಿಯುತ್ತದೆ. ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆ ಕಡೆಗೆ ಹೋಗಿದ್ದ ಸಹಪಾಠಿಗಳೂ ತಮ್ಮ ಶಾಲೆಗಳಲ್ಲಿ ಇದೇ ಪ್ರಶ್ನೆ ಎದುರಿಸಿದ್ದರಿಂದ, ನಾವು ಬರೆದುಕೊಟ್ಟದ್ದನ್ನು ಇಲ್ಲಿ ಸ್ವಲ್ಪ ವಿಸ್ತರಿಸಿದ್ದೇನೆ. ಜನವರಿ 27ರ ಸಂಜೆ, ಎರವಲು ತಂದ 80 ಮಿ.ಮೀ. ದೂರದರ್ಶಕದಿಂದ ಒಂಬತ್ತನೇ ತರಗತಿಯ 42 ಮಕ್ಕಳಿಗೆ ನಡೆಸಿದ ವೀಕ್ಷಣಾ ಪಾಠದ ಅನುಭವವೂ ಇದರಲ್ಲಿ ಸೇರಿದೆ.

ಸಾಲಿನ ಲೆಕ್ಕ

ಮನೆಗೆ ದೂರದರ್ಶಕ ಕೊಳ್ಳುವವರು ಒಬ್ಬರಿಗಾಗಿ ಕೊಳ್ಳುತ್ತಾರೆ. ಶಾಲೆ ಕೊಳ್ಳುವುದು ಸಾಲಿಗಾಗಿ. ಆದ್ದರಿಂದ ಮೊದಲ ಲೆಕ್ಕ ಸಾಲಿನದೇ ಆಗಬೇಕು.

ವರ್ಧನೆ ಎಂದರೆ ವಸ್ತುಕದ ಸಂಗಮದೂರವನ್ನು ನೇತ್ರಕದ ಸಂಗಮದೂರದಿಂದ ಭಾಗಿಸಿದಾಗ ಬರುವ ಸಂಖ್ಯೆ. ನಮ್ಮಲ್ಲಿದ್ದ ಉಪಕರಣದ ಸಂಗಮದೂರ 900 ಮಿ.ಮೀ. 25 ಮಿ.ಮೀ. ನೇತ್ರಕ ಹಾಕಿದರೆ 36 ಪಟ್ಟು, 10 ಮಿ.ಮೀ. ಹಾಕಿದರೆ 90 ಪಟ್ಟು. ಸಾಮಾನ್ಯ ನೇತ್ರಕದಲ್ಲಿ 36 ಪಟ್ಟಿಗೆ ಕಾಣುವ ಆಕಾಶದ ಅಗಲ ಸುಮಾರು 1.4 ಡಿಗ್ರಿ, 90 ಪಟ್ಟಿಗೆ ಅರ್ಧ ಡಿಗ್ರಿಗಿಂತ ತುಸು ಹೆಚ್ಚು. ಭೂಮಿ ಗಂಟೆಗೆ 15 ಡಿಗ್ರಿ ತಿರುಗುತ್ತದೆ, ಅಂದರೆ 4 ನಿಮಿಷಕ್ಕೆ ಒಂದು ಡಿಗ್ರಿ. ಗುರುಗ್ರಹವನ್ನು ನೋಟದ ಮಧ್ಯಕ್ಕೆ ತಂದು ನಿಲ್ಲಿಸಿದರೆ 36 ಪಟ್ಟಿನಲ್ಲಿ ಅದು ಅಂಚು ದಾಟಲು ಎರಡೂಮುಕ್ಕಾಲು ನಿಮಿಷ ಬೇಕು. 90 ಪಟ್ಟಿನಲ್ಲಿ ಒಂದು ನಿಮಿಷದ ಮೇಲೆ ಕೆಲವೇ ಸೆಕೆಂಡು. ಒಂದು ಮಗುವಿಗೆ 30 ಸೆಕೆಂಡು ಎಂದಿಟ್ಟುಕೊಂಡರೆ ಮೊದಲನೆಯದರಲ್ಲಿ ಐದು ಮಕ್ಕಳು ನೋಡುತ್ತಾರೆ, ಎರಡನೆಯದರಲ್ಲಿ ಇಬ್ಬರೇ. ಆಮೇಲೆ ಶಿಕ್ಷಕರು ಮತ್ತೆ ಬಗ್ಗಿ ಸರಿಪಡಿಸಬೇಕು.

“ಮಿಸ್, ಗುರು ಓಡೋಯ್ತಾವ್ನೆ!” ಎಂದು ಸಾಲಿನಲ್ಲಿದ್ದ ಆರನೆಯ ಹುಡುಗ ಕೂಗಿದಾಗ ಭೂಭ್ರಮಣೆಯ ಪಾಠ ಅಲ್ಲೇ ಆಗಿಹೋಯಿತು. ಓಡುತ್ತಿರುವುದು ಯಾರು ಎಂದು ಕೇಳಿದ್ದಷ್ಟೇ ನನ್ನ ಕೆಲಸ. ಒಂದು ಉಪಾಯ ಹೇಳಬಹುದು: ಗ್ರಹವನ್ನು ಮಧ್ಯದಲ್ಲಿಡದೆ, ಅದು ನೋಟದೊಳಕ್ಕೆ ಬಂದು ಸೇರುವ ಅಂಚಿನಲ್ಲಿ ಇಟ್ಟರೆ ದೊರೆಯುವ ಸಮಯ ಹೆಚ್ಚುಕಡಿಮೆ ಇಮ್ಮಡಿ. ಹತ್ತು ಮಕ್ಕಳು ಒಂದೇ ಉಸಿರಿಗೆ ನೋಡಿ ಮುಗಿಸಬಹುದು.

ಪೆಟ್ಟಿಗೆಯ ಮೇಲೆ “525 ಪಟ್ಟು” ಎಂಬಂಥ ಅಂಕಿ ಅಚ್ಚಾಗಿದ್ದರೆ ಆ ಪೆಟ್ಟಿಗೆಯನ್ನು ಅಲ್ಲೇ ಬಿಡುವುದು ಒಳ್ಳೆಯದು. ಮುಂಬಾಯಿಯ ವ್ಯಾಸ ಎಷ್ಟು ಮಿಲಿಮೀಟರೋ ಅದರ ಎರಡರಷ್ಟು ಪಟ್ಟಿನ ಆಚೆಗೆ ಚಿತ್ರ ದೊಡ್ಡದಾಗುತ್ತದೆಯೇ ಹೊರತು ಹೊಸ ವಿವರ ಕಾಣುವುದಿಲ್ಲ. 70 ಮಿ.ಮೀ. ಉಪಕರಣಕ್ಕೆ 140 ಪಟ್ಟೇ ಗಡಿ. ಗೆಲಿಲಿಯೊ 1610ರ ಜನವರಿಯಲ್ಲಿ ಗುರುವಿನ ನಾಲ್ಕು ಚಂದ್ರರನ್ನು ಕಂಡದ್ದು ಸುಮಾರು 20 ಪಟ್ಟಿನಲ್ಲಿ.

ಕಾಲು

ಅಂಗಡಿಯಲ್ಲಾಗಲಿ, ಪಾರ್ಸೆಲ್ ಬಿಚ್ಚಿದ ದಿನವಾಗಲಿ, ಮಾಡಬೇಕಾದ ಮೊದಲ ಪರೀಕ್ಷೆ ಬೆರಳಿನದು. ದೂರದ ತೆಂಗಿನ ಗರಿಯೊಂದನ್ನು ನೋಟಕ್ಕೆ ತಂದು, ಕೊಳವೆಯನ್ನು ಬೆರಳಿಂದ ಮೆಲ್ಲಗೆ ತಟ್ಟಿ, ಚಿತ್ರದ ನಡುಕ ನಿಲ್ಲಲು ಎಷ್ಟು ಸೆಕೆಂಡು ಬೇಕೆಂದು ಎಣಿಸಿ. ಎರಡು ಮೂರು ಸೆಕೆಂಡಾದರೆ ನಡೆಯುತ್ತದೆ. ಆರೇಳು ಸೆಕೆಂಡಾದರೆ, ಪ್ರತಿ ಮಗುವಿಗೆ ಕೊಟ್ಟ ಅರ್ಧ ನಿಮಿಷದಲ್ಲಿ ಕಾಲುಭಾಗ ನಡುಕಕ್ಕೇ ಹೋಗುತ್ತದೆ. ಮಕ್ಕಳು ಕಣ್ಣಿಡುವಾಗ ಕೊಳವೆಯನ್ನು ಹಿಡಿದುಕೊಳ್ಳದೆ ಇರುವುದಿಲ್ಲ. ತೆಳು ಅಲ್ಯೂಮಿನಿಯಂ ಕಾಲನ್ನು ಪೂರ್ತಿ ಎಳೆಯದೆ ಗಿಡ್ಡವಾಗಿಯೇ ಇಟ್ಟು, ನಡುವಿನ ತಟ್ಟೆಗೆ ಒಂದು ಚೀಲ ಮರಳು ತೂಗುಹಾಕಿದರೆ ತಕ್ಕಮಟ್ಟಿಗೆ ಸುಧಾರಿಸುತ್ತದೆ. ಎಂಟು ಒಂಬತ್ತನೇ ತರಗತಿಯ ಮಕ್ಕಳ ಎತ್ತರಕ್ಕೆ ಗಿಡ್ಡ ಕಾಲೇ ಹೊಂದುತ್ತದೆ ಕೂಡ.

ಪೀಠದಲ್ಲಿ ಎರಡು ಬಗೆ. ಮೇಲೆ ಕೆಳಗೆ, ಎಡಕ್ಕೆ ಬಲಕ್ಕೆ ತಿರುಗುವ ಸರಳ ಪೀಠಕ್ಕೆ ಆಲ್ಟ್-ಆಜ್ ಎನ್ನುತ್ತಾರೆ. ಇನ್ನೊಂದು, ಒಂದು ಅಕ್ಷವನ್ನು ಧ್ರುವ ನಕ್ಷತ್ರದ ಕಡೆಗೆ ಓರೆಯಾಗಿಸಿ ಕೂರಿಸುವ ಈಕ್ವಟೋರಿಯಲ್ ಪೀಠ. ನೋಡಲು ಎರಡನೆಯದು ಹೆಚ್ಚು “ವೈಜ್ಞಾನಿಕ” ಎನಿಸುತ್ತದೆ, ಗುತ್ತಿಗೆದಾರರು ಅದನ್ನೇ ಹೊಗಳುತ್ತಾರೆ. ಆದರೆ ನಮ್ಮ ನಾಲ್ಕೂ ತಾಲ್ಲೂಕು ಕೇಂದ್ರಗಳು 12ರಿಂದ 12.5 ಡಿಗ್ರಿ ಉತ್ತರ ಅಕ್ಷಾಂಶದೊಳಗೆ ಬರುತ್ತವೆ. ಧ್ರುವ ನಕ್ಷತ್ರ ಇಲ್ಲಿ ದಿಗಂತದಿಂದ 12 ಡಿಗ್ರಿ ಎತ್ತರದಲ್ಲಿ, ಅಂದರೆ ಚಾಚಿದ ಕೈಯ ಒಂದು ಮುಷ್ಟಿಗಿಂತ ತುಸು ಮೇಲೆ. ಶಾಲೆಯ ಉತ್ತರಕ್ಕೆ ಒಂದು ಹುಣಸೆಮರವಿದ್ದರೆ ಅದು ಕಾಣುವುದೇ ಇಲ್ಲ. ಅಗ್ಗದ ಈಕ್ವಟೋರಿಯಲ್ ಪೀಠಗಳನ್ನು ಅಷ್ಟು ಕೆಳಕ್ಕೆ ಬಾಗಿಸಿದರೆ ಸಮತೂಕದ ಗುಂಡು ಕಾಲಿಗೆ ತಾಗುತ್ತದೆ. ಯೂರೋಪಿನ 50 ಡಿಗ್ರಿಗೆ ಅನುಕೂಲವಾದದ್ದು ಹುಣಸೂರಿಗೆ ಹೊರೆ. ಆಲ್ಟ್-ಆಜ್ ಸಾಕು ಎಂದು ನಾವು ಸ್ಪಷ್ಟವಾಗಿಯೇ ಬರೆದೆವು; ಎರಡೂ ಕಡೆಗೆ ನಿಧಾನವಾಗಿ ತಿರುಗಿಸುವ ತಿರುಪು ಇದ್ದರೆ ಇನ್ನೂ ಒಳ್ಳೆಯದು.

ಮಸೂರವೋ ಕನ್ನಡಿಯೋ

ಕತ್ತಲಲ್ಲಿ ಹಿಗ್ಗಿದ ಕಣ್ಣಪಾಪೆ ಹೆಚ್ಚೆಂದರೆ 7 ಮಿ.ಮೀ. ಅದರ ಹತ್ತರಷ್ಟು ಅಗಲದ 70 ಮಿ.ಮೀ. ಮಸೂರ ನೂರರಷ್ಟು ಬೆಳಕು ಸೇರಿಸುತ್ತದೆ. 130 ಮಿ.ಮೀ. ಕನ್ನಡಿ ಆ 70ರ ಸುಮಾರು ಮೂರೂವರೆ ಪಟ್ಟು ಸೇರಿಸುತ್ತದೆ. ಹತ್ತನೇ ತರಗತಿಯ ಬೆಳಕಿನ ಅಧ್ಯಾಯ ಬೋಧಿಸುವವರಿಗೆ ಇದಕ್ಕಿಂತ ಒಳ್ಳೆಯ ವರ್ಗದ ಲೆಕ್ಕ ಸಿಗಲಾರದು.

ಬೆಳಕಿನ ದೃಷ್ಟಿಯಿಂದ 130 ಮಿ.ಮೀ. ವ್ಯಾಸ, 650 ಮಿ.ಮೀ. ಸಂಗಮದೂರದ ನಿಮ್ನ ದರ್ಪಣದ ದೂರದರ್ಶಕವೇ ಉತ್ತಮ. ಆದರೆ ಅದರ ಎರಡು ಕನ್ನಡಿಗಳು ಒಂದೇ ನೇರಕ್ಕೆ ಇರಬೇಕು, ಜೀಪಿನಲ್ಲಿ ಕುಲುಕಿದರೆ ತಪ್ಪುತ್ತದೆ, ತಿರುಪು ತಿರುಗಿಸಿ ಮತ್ತೆ ಕೂರಿಸುವುದನ್ನು ಯಾರಾದರೂ ಕಲಿತಿರಬೇಕು. ಸರ್ಕಾರಿ ಶಾಲೆಯಲ್ಲಿ ಕಲಿತ ಶಿಕ್ಷಕರು ಎರಡು ಮೂರು ವರ್ಷಕ್ಕೆ ವರ್ಗಾವಣೆಯಾಗಿ ಹೋಗಬಹುದು. 80 ಮಿ.ಮೀ. ಮಸೂರದ ಉಪಕರಣಕ್ಕೆ ಆ ಗೊಡವೆಯಿಲ್ಲ, ಮುಚ್ಚಳ ತೆಗೆದರೆ ನೋಡಬಹುದು. ಚಂದ್ರನ ಕುಳಿಗಳು, ಗುರುವಿನ ಚಂದ್ರರು, ಶುಕ್ರನ ಕಲೆಗಳು, ಶನಿಯ ಬಳೆ, ಇವಿಷ್ಟೂ ಅದರಲ್ಲಿ ಸಿಗುತ್ತವೆ. ಆ ಶಾಲೆಗೆ ನಮ್ಮ ಶಿಫಾರಸು 80 ಮಿ.ಮೀ. ಎಚ್.ಡಿ. ಕೋಟೆಯ ಕಾಡಂಚಿನ, ದೀಪ ಕಡಿಮೆಯಿರುವ ಶಾಲೆಯಲ್ಲಿ ಆಸಕ್ತಿಯ ವಿಜ್ಞಾನ ಶಿಕ್ಷಕರೊಬ್ಬರು ನೆಲೆಯಾಗಿ ಇದ್ದರೆ 130ನ್ನೇ ಹೇಳುತ್ತಿದ್ದೆವು.

ಒಂದು ಎಚ್ಚರಿಕೆ. ಕನ್ನಡಿಯ ದೂರದರ್ಶಕದ ಕೊಳವೆ ಅರ್ಧ ಮೀಟರಷ್ಟೇ ಇದ್ದು, ಪಟ್ಟಿಯಲ್ಲಿ ಸಂಗಮದೂರ 1000 ಮಿ.ಮೀ. ಎಂದಿದ್ದರೆ ನಿಂತು ಯೋಚಿಸಿ. ಒಳಗೆ ಒಂದು ಸಣ್ಣ ಮಸೂರ ಕೂರಿಸಿ ಸಂಗಮದೂರವನ್ನು ಹಿಗ್ಗಿಸಿರುತ್ತಾರೆ. ಅಗ್ಗದ ಉಪಕರಣಗಳಲ್ಲಿ ಈ ಬಗೆಯದನ್ನು ನೇರಗೊಳಿಸುವುದು ಕಷ್ಟ, ಚಿತ್ರವೂ ಮಬ್ಬು. ಅಳತೆಪಟ್ಟಿ ಒಂದಿದ್ದರೆ ಸಾಕು, ಇದನ್ನು ಮಕ್ಕಳೇ ಪತ್ತೆ ಮಾಡುತ್ತಾರೆ.

ಫೋನಿನ ಎರಡು ದಾರಿ

ಈಗ ದಾನಿಗಳ ಬೇಡಿಕೆಗೆ ಬರೋಣ. ಫೋನು ಆಕಾಶದಲ್ಲಿ ದಾರಿ ತೋರಿಸುವುದು ಎರಡು ರೀತಿಯಲ್ಲಿ, ಎರಡಕ್ಕೂ ಅಜಗಜಾಂತರ.

ಸ್ಟೆಲೇರಿಯಂ, ಸ್ಕೈ ಮ್ಯಾಪ್‌ನಂಥ ಆ್ಯಪ್‌ಗಳನ್ನು ತೆರೆದು ಫೋನನ್ನು ಆಕಾಶಕ್ಕೆ ಹಿಡಿದರೆ ಆ ಕಡೆಯ ನಕ್ಷತ್ರಗಳ ಹೆಸರು ಬರುತ್ತದೆ. ಇಲ್ಲಿ ದಿಕ್ಕನ್ನು ಹೇಳುವುದು ಫೋನಿನೊಳಗಿನ ಕಾಂತೀಯ ಸಂವೇದಕ, ಅಂದರೆ ದಿಕ್ಸೂಚಿ. ಹತ್ತಿರ ಕಬ್ಬಿಣವಿದ್ದರೆ ಅದು ಐದು ಹತ್ತು ಡಿಗ್ರಿ ತಪ್ಪುವುದು ಸಾಮಾನ್ಯ. ಬರಿಗಣ್ಣಿಗೆ ಈ ತಪ್ಪು ಲೆಕ್ಕಕ್ಕಿಲ್ಲ, ಅರ್ಧ ಮುಷ್ಟಿ ಅತ್ತಿತ್ತ. ಆದರೆ 1.4 ಡಿಗ್ರಿ ಅಗಲದ ನೋಟಕ್ಕೆ ಐದು ಡಿಗ್ರಿ ತಪ್ಪಿದರೆ ಬೇರೆ ಊರಿಗೆ ಬಸ್ಸು ಹತ್ತಿದಂತೆ. ಕೊಳವೆಗೆ ರಬ್ಬರ್ ಬ್ಯಾಂಡಿನಿಂದ ಫೋನ್ ಕಟ್ಟಿ ಈ ಆ್ಯಪ್ ನಂಬಿದರೆ ಆಗುವುದು ಇದೇ.

ಎರಡನೆಯದು ಕ್ಯಾಮೆರಾದ ದಾರಿ. ಸೆಲೆಸ್ಟ್ರಾನ್ ಕಂಪನಿ 2020ರಲ್ಲಿ ತಂದ ಸ್ಟಾರ್‌ಸೆನ್ಸ್ ಎಕ್ಸ್‌ಪ್ಲೋರರ್ ಸಾಲಿನ ದೂರದರ್ಶಕಗಳು ಇದರ ಮಾದರಿ. ಕೊಳವೆಯ ಪಕ್ಕದ ತೊಟ್ಟಿಲಿನಲ್ಲಿ ಫೋನ್ ಇಡುತ್ತೇವೆ, ಅದರ ಕ್ಯಾಮೆರಾ ಒಂದು ಸಣ್ಣ ಕನ್ನಡಿಯ ಮೂಲಕ ಆಕಾಶದ ಚಿತ್ರ ತೆಗೆಯುತ್ತದೆ. ಚಿತ್ರದಲ್ಲಿರುವ ಚುಕ್ಕೆಗಳ ನಡುವಿನ ಅಂತರಗಳನ್ನು ಆ್ಯಪ್ ತನ್ನ ನಕ್ಷತ್ರಪಟ್ಟಿಯೊಂದಿಗೆ ಹೋಲಿಸಿ, ಕೊಳವೆ ಈಗ ನಿಖರವಾಗಿ ಎತ್ತ ನೋಡುತ್ತಿದೆ ಎಂದು ತಿಳಿಯುತ್ತದೆ. ಬೇಕಾದ ವಸ್ತುವನ್ನು ಆರಿಸಿದರೆ ಬಾಣಗಳು ಬರುತ್ತವೆ, ನಾವೇ ಕೈಯಿಂದ ತಿರುಗಿಸಬೇಕು, ಗುರಿ ಸೇರಿದಾಗ ಪರದೆಯ ವೃತ್ತ ಹಸಿರಾಗುತ್ತದೆ. ಮೋಟಾರು ಇಲ್ಲ. ಬಳಸುವ ಮುನ್ನ ಹಗಲಿನಲ್ಲಿ, ಅರ್ಧ ಕಿಲೋಮೀಟರಾದರೂ ದೂರದ ಗೋಪುರ ಅಥವಾ ಮೊಬೈಲ್ ಟವರನ್ನು ನೋಡಿ ಫೋನಿನ ನೋಟವನ್ನೂ ಕೊಳವೆಯ ನೋಟವನ್ನೂ ಒಂದು ಮಾಡಿಕೊಳ್ಳಬೇಕು. ಸೂರ್ಯನ ಹತ್ತಿರಕ್ಕೂ ಕೊಳವೆ ತಿರುಗಬಾರದು. ಸೂರ್ಯನತ್ತ ದೂರದರ್ಶಕದಲ್ಲಿ ಕಣ್ಣಿಟ್ಟರೆ ಕ್ಷಣದಲ್ಲಿ ಕಣ್ಣು ಹೋಗುತ್ತದೆ, ನೇತ್ರಕಕ್ಕೆ ತಿರುಪುವ ಕಪ್ಪು ಗಾಜನ್ನು ನಂಬಲೇಬಾರದು.

ವಿಧಾನ ಚೆನ್ನಾಗಿದೆ, ಸಂದೇಹವಿಲ್ಲ. ಶಾಲೆಗೆ ಅದರ ಉಪಯೋಗ ಎಷ್ಟು ಎಂಬುದು ಬೇರೆ ಪ್ರಶ್ನೆ. ಕ್ಯಾಮೆರಾಕ್ಕೆ ನಕ್ಷತ್ರಗಳು ಕಾಣಬೇಕು. ಜನವರಿ ಕೊನೆಯಲ್ಲಿ ಇಲ್ಲಿ ಸೂರ್ಯ ಮುಳುಗುವುದು ಆರೂಕಾಲು ದಾಟಿದ ಮೇಲೆ, ಆಕಾಶ ಸಾಕಷ್ಟು ಕಪ್ಪಾಗುವುದು ಏಳು ದಾಟಿದ ಮೇಲೆ. ಹೆಣ್ಣುಮಕ್ಕಳನ್ನು ಮನೆಗೆ ಕಳಿಸುವ ಹೊತ್ತು, ಕೊನೆಯ ಬಸ್ಸಿನ ಹೊತ್ತು, ಕೋಟೆ ಕಡೆಯಲ್ಲಾದರೆ ಆನೆ ಹೊರಡುವ ಹೊತ್ತು, ಎಲ್ಲವೂ ಅದೇ. ಫೋನು ಕೆಲಸ ಆರಂಭಿಸುವ ಹೊತ್ತಿಗೆ ನಮ್ಮ ಪಾಠದ ಅರ್ಧ ಮುಗಿದಿರುತ್ತದೆ. ಆ ಮೊದಲರ್ಧದಲ್ಲಿ ತೋರಿಸುವ ಚಂದ್ರ, ಗುರು, ಶನಿಗಳಿಗೆ ಫೋನಿನ ನೆರವು ಬೇಕಾಗಿಯೇ ಇಲ್ಲ.

ಇನ್ನೊಂದು ಮಾತು ಫೋನಿನ ಒಡೆತನದ್ದು. ಅದು ಶಿಕ್ಷಕರ ಸ್ವಂತ ಫೋನು. ಎಲ್ಲ ಫೋನಿನ ಕ್ಯಾಮೆರಾವೂ ನಕ್ಷತ್ರ ಹಿಡಿಯುವುದಿಲ್ಲ, ಆದ್ದರಿಂದ ಕಂಪನಿಯ ಹೊಂದಾಣಿಕೆ ಪಟ್ಟಿಯಲ್ಲಿ ತಮ್ಮ ಮಾದರಿ ಇದೆಯೇ ಎಂದು ಮೊದಲು ನೋಡಬೇಕು. ಆ್ಯಪ್ ತೆರೆಯಲು ಉಪಕರಣದೊಂದಿಗೆ ಒಂದು ಸಂಕೇತ ಸಂಖ್ಯೆ ಬರುತ್ತದೆ. ಅದನ್ನು ದಾಸ್ತಾನು ಪುಸ್ತಕದಲ್ಲಿ ಬರೆದಿಡದಿದ್ದರೆ ಶಿಕ್ಷಕರ ಜೊತೆ ಅದೂ ವರ್ಗಾವಣೆಯಾಗುತ್ತದೆ. ಫೋನು ಇಲ್ಲದ ದಿನವೂ ಪೂರ್ತಿ ಕೆಲಸ ಮಾಡುವ ದೂರದರ್ಶಕವಾದರೆ ಮಾತ್ರ ಫೋನಿನ ತೊಟ್ಟಿಲು ಇರಲಿ ಎಂದು ಬರೆದೆವು. ಅದೇ ಹಣದಲ್ಲಿ ಗಟ್ಟಿ ಕಾಲು ಅಥವಾ ಫೋನಿನ ತೊಟ್ಟಿಲು, ಎರಡರಲ್ಲಿ ಒಂದೇ ಸಿಗುವುದಾದರೆ ಕಾಲನ್ನೇ ಆರಿಸಬೇಕು.

ರಟ್ಟಿನ ಚಕ್ರ

ಖರ್ಚಿಲ್ಲದ ಮೂರನೆಯ ದಾರಿಯೊಂದಿದೆ, ನನಗೆ ಮೂರರಲ್ಲಿ ಹೆಚ್ಚು ಮೆಚ್ಚಿಗೆಯಾದದ್ದು ಇದು. ಫೋನಿನ ದಿಕ್ಸೂಚಿ ತಪ್ಪಿದರೂ ಅದರ ಓರೆ ಅಳೆಯುವ ಸಂವೇದಕ ತಪ್ಪುವುದು ಕಡಿಮೆ, ಏಕೆಂದರೆ ಅದು ಗುರುತ್ವವನ್ನು ಅವಲಂಬಿಸಿದೆ, ಕಬ್ಬಿಣಕ್ಕೆ ಅಂಜುವುದಿಲ್ಲ. ಹಾಗಾಗಿ ಉನ್ನತಿಯನ್ನು ಫೋನಿನಿಂದ ಅಳೆಯೋಣ, ದಿಗಂಶವನ್ನು ರಟ್ಟಿನಿಂದ.

ಸುತ್ತಳತೆ 720 ಮಿ.ಮೀ. ಇರುವ ಒಂದು ರಟ್ಟಿನ ಚಕ್ರ ಬೇಕು, ಆಗ ಒಂದು ಡಿಗ್ರಿಗೆ 2 ಮಿ.ಮೀ. ತ್ರಿಜ್ಯ ಎಷ್ಟು ಎಂದು ಮಕ್ಕಳನ್ನೇ ಕೇಳಿದೆ. 115 ಮಿ.ಮೀ.ಗೆ ತುಸು ಕಡಿಮೆ ಎಂದು ಹಿಂದಿನ ಬೆಂಚಿನಿಂದ ಉತ್ತರ ಬಂತು. ನಡುವೆ ತೂತು ಮಾಡಿ ಚಕ್ರವನ್ನು ಪೀಠದ ತಿರುಗುವ ಭಾಗದ ಕೆಳಗೆ ಕೂರಿಸಿದೆವು, ತಿರುಗುವ ಭಾಗಕ್ಕೆ ಒಂದು ಪೊರಕೆಕಡ್ಡಿಯನ್ನು ಮುಳ್ಳಾಗಿ ಅಂಟಿಸಿದೆವು. ಕಾಲನ್ನು ಮಟ್ಟ ಮಾಡಿ, ಗುರುವನ್ನು ನೋಟದ ಮಧ್ಯಕ್ಕೆ ತಂದು, ಆ ಕ್ಷಣಕ್ಕೆ ಗುರುವಿನ ದಿಗಂಶವನ್ನು ಸ್ಟೆಲೇರಿಯಂನಲ್ಲಿ ಓದಿ, ಮುಳ್ಳು ಅಷ್ಟನ್ನೇ ತೋರಿಸುವಂತೆ ಚಕ್ರವನ್ನು ತಿರುಗಿಸಿ ಟೇಪ್ ಹಾಕಿದೆವು. ಕೊಳವೆಯ ಮೇಲೆ ಮಲಗಿಸಿದ ಫೋನು ತೋರುವ ಓರೆಗೂ ಆ್ಯಪ್ ಹೇಳುವ ಉನ್ನತಿಗೂ ವ್ಯತ್ಯಾಸವಿದ್ದರೆ ಅದನ್ನು ಬರೆದುಕೊಂಡು ಮುಂದೆ ಕಳೆದರಾಯಿತು.

ಅಂದು 7 ಗಂಟೆಗೆ ಮಹಾವ್ಯಾಧನ ಕತ್ತಿಯಲ್ಲಿರುವ ನೀಹಾರಿಕೆಯ ಉನ್ನತಿ ಸುಮಾರು 48 ಡಿಗ್ರಿ, ದಿಗಂಶ ಸುಮಾರು 112. ಒಬ್ಬಳು ಚಕ್ರ ಓದಿದಳು, ಒಬ್ಬ ಫೋನು ಓದಿದ, ಮೂರನೆಯವಳು ತಿರುಗಿಸಿದಳು. ಬೆಳದಿಂಗಳಿದ್ದರೂ 36 ಪಟ್ಟಿನಲ್ಲಿ ನೀಹಾರಿಕೆ ಬೂದು ಮಂಜಿನಂತೆ ಕಂಡಿತು. ಎರಡು ಸಂಖ್ಯೆಗಳಿಂದ ಒಂದು ಸ್ಥಾನ ಎಂಬ ನಿರ್ದೇಶಾಂಕ ರೇಖಾಗಣಿತವನ್ನು ಕಪ್ಪುಹಲಗೆಯ ಮೇಲೆ ವಾರಗಟ್ಟಲೆ ಹೇಳಿದ್ದೆ. ಇಲ್ಲಿ ಅದು ಮೂವರ ಕೈಯಲ್ಲಿತ್ತು. ಹಸಿರಾಗುವ ವೃತ್ತದಲ್ಲಿ ಈ ಲಾಭವಿಲ್ಲ, ಅಲ್ಲಿ ಲೆಕ್ಕವೆಲ್ಲ ಯಂತ್ರದೊಳಗೇ ನಡೆದುಹೋಗುತ್ತದೆ. ಸಂಖ್ಯೆಗಳು ಮಾತ್ರ ನಾಲ್ಕು ನಿಮಿಷಕ್ಕೆ ಹಳತಾಗುತ್ತವೆ ಎಂಬುದನ್ನು ನೆನಪಿಡಬೇಕು.

ಮಕ್ಕಳಿಗೆ ಮೊದಲೇ ಗೊತ್ತಿದ್ದ ಆಕಾಶ

ಪಾಠಯೋಜನೆಯ ಪೂರ್ವಜ್ಞಾನದ ಕಲಮಿನಲ್ಲಿ “ಸೌರವ್ಯೂಹದ ಗ್ರಹಗಳ ಹೆಸರು” ಎಂದು ಬರೆಯುವುದು ರೂಢಿ. ಈ ತಾಲ್ಲೂಕುಗಳಲ್ಲಿ ಅದಕ್ಕಿಂತ ದೊಡ್ಡ ಪೂರ್ವಜ್ಞಾನವಿದೆ. ತಂಬಾಕು ಬೆಳೆಯುವ ಮನೆಗಳ ಮಕ್ಕಳಿಗೆ ರೋಹಿಣಿ, ಮೃಗಶಿರಾ, ಆರಿದ್ರಾ, ಪುನರ್ವಸು ಮಳೆಗಳು ಗೊತ್ತು. “ಮೃಗಶಿರೆ ಮಳೆಗೆ ನಮ್ಮನೇಲಿ ಸಸಿ ನೆಟ್ಟು ಮುಗಿದಿರ್ತದೆ ಮಿಸ್” ಎಂದ ಒಬ್ಬ. ಹಾಗಾದರೆ ಜೂನ್‌ನಲ್ಲಿ ಮೃಗಶಿರಾ ನಕ್ಷತ್ರವನ್ನು ಯಾರಾದರೂ ನೋಡಿದ್ದೀರಾ ಎಂದು ಕೇಳಿದೆ. ಯಾರೂ ಇಲ್ಲ. ಮೋಡವಿತ್ತು ಎಂದರು. ಮೋಡ ಇಲ್ಲದಿದ್ದರೂ ಕಾಣುತ್ತಿರಲಿಲ್ಲ, ಏಕೆಂದರೆ ಆ ಮಳೆಯ ಹೆಸರೇ ಸೂರ್ಯ ಆ ನಕ್ಷತ್ರದಲ್ಲಿ ಇದ್ದಾನೆ ಎಂಬುದಕ್ಕೆ. ನಕ್ಷತ್ರ ಹಗಲಿನ ಬೆಳಕಿನಲ್ಲಿ ಮುಳುಗಿರುತ್ತದೆ. ಆರೇಳು ತಿಂಗಳು ಕಳೆದು, ಭೂಮಿ ಸೂರ್ಯನ ಆಚೆ ಬದಿಗೆ ಬಂದಾಗ, ಅದೇ ಮೃಗಶಿರೆ ಸಂಜೆಯೇ ಪೂರ್ವದಲ್ಲಿ ಮೇಲೇರಿ ನಿಂತಿರುತ್ತದೆ. ಅಂದು ಪುನರ್ವಸುವಿನ ಅವಳಿ ನಕ್ಷತ್ರಗಳ ನೆರೆಯಲ್ಲಿ ಗುರು ಹೊಳೆಯುತ್ತಿತ್ತು, ಜನವರಿ 10ರಂದಷ್ಟೇ ಅದು ಸೂರ್ಯನಿಗೆ ನೇರ ಎದುರಿಗೆ ಬಂದಿತ್ತು. ಪಶ್ಚಿಮದಲ್ಲಿ ಶನಿ. 2025ರ ಮಾರ್ಚಿನಲ್ಲಿ ಬಳೆಯ ಅಂಚು ನಮ್ಮ ಕಡೆಗೆ ತಿರುಗಿದ್ದರಿಂದ ಅದಿನ್ನೂ ತೆಳು ಗೀಟಿನಂತೆಯೇ ಇತ್ತು, ಮುಂದಿನ ವರ್ಷಗಳಲ್ಲಿ ಅಗಲವಾಗುತ್ತ ಹೋಗುತ್ತದೆ.

ಗೋಡೆ ಕ್ಯಾಲೆಂಡರೂ ಒಂದು ಬೋಧನೋಪಕರಣವೇ. ಅಂದು ಸಂಜೆಯ ಹೊತ್ತಿಗೆ ಭರಣಿ ಮುಗಿದು ಕೃತ್ತಿಕೆ. ಮೇಲೆ ನೋಡಿದರೆ ಚಂದ್ರ ಕೃತ್ತಿಕೆಯ ಗೊಂಚಲಿನ ಪಕ್ಕದಲ್ಲೇ ಇದ್ದ. ದಿನದ ನಕ್ಷತ್ರ ಎಂದರೆ ಚಂದ್ರನ ವಿಳಾಸ ಎಂದು ನಾನು ಹೇಳುವ ಮೊದಲೇ ಮೂರು ನಾಲ್ಕು ಮಕ್ಕಳು ಹೇಳಿದರು. ಮೈಸೂರಿನಲ್ಲಿ ನೆಲೆಸಿ ಕನ್ನಡದಲ್ಲಿ ಖಗೋಳ ವಿಜ್ಞಾನ ಬರೆದ ಜಿ.ಟಿ. ನಾರಾಯಣ ರಾವ್ ಅವರ ಪುಸ್ತಕಗಳನ್ನು ಪ್ರಶಿಕ್ಷಣಾರ್ಥಿಗಳು ದೂರದರ್ಶಕ ಬರುವ ಮೊದಲೇ ಗ್ರಂಥಾಲಯದಿಂದ ತೆಗೆದು ಓದಿಕೊಂಡರೆ ಇಂಥ ಸಂಜೆಗೆ ಬಹಳ ಸಹಾಯ.

ಮೌಲ್ಯಮಾಪನಕ್ಕೆ ನಾನು ಪ್ರಶ್ನೆಪತ್ರಿಕೆ ಕೊಡಲಿಲ್ಲ. ಗುರುವನ್ನೂ ಅದರ ಚಂದ್ರರನ್ನೂ ನೇತ್ರಕದಲ್ಲಿ ಕಂಡಂತೆಯೇ ಒಂದು ವೃತ್ತದೊಳಗೆ ಬರೆಯಲು ಹೇಳಿದೆ. ಕೆಲವು ಚಿತ್ರಗಳು ಬರಿಗಣ್ಣಿನ ದಿಕ್ಕಿಗೆ ಎಡಬಲ ಅದಲುಬದಲಾಗಿದ್ದವು. ಅವೇ ಸರಿ: ಮಸೂರದ ಕೊಳವೆಯ ತುದಿಗೆ ಬಾಗಿಸುವ ಕನ್ನಡಿ ಇರುವುದರಿಂದ ಚಿತ್ರ ನೆಟ್ಟಗಿದ್ದರೂ ಎಡಬಲ ಪಲ್ಲಟವಾಗುತ್ತದೆ. “ಸರಿಪಡಿಸಿ” ಬರೆದವರನ್ನು ಮತ್ತೆ ಸಾಲಿಗೆ ನಿಲ್ಲಿಸಿದೆ.

ಬಂದ ಮೇಲೆ

ನಮ್ಮ ಕಡೆ ಜೂನ್‌ನಿಂದ ಅಕ್ಟೋಬರ್‌ವರೆಗೆ ಆಕಾಶ ಹೆಚ್ಚಾಗಿ ಮೋಡ, ಜೊತೆಗೆ ಬ್ಯಾರನ್‌ಗಳಲ್ಲಿ ಸೊಪ್ಪು ಹದ ಮಾಡುವ ಹೊಗೆ. ವೀಕ್ಷಣೆಯನ್ನು ನವೆಂಬರ್‌ನಿಂದ ಮಾರ್ಚ್‌ಗೆ ಇಟ್ಟುಕೊಳ್ಳಬೇಕು. ಮಾರ್ಚ್ ಆದ ಮೇಲೆ ಕಾಯಲು ಸಿದ್ಧರಿದ್ದರೆ ಇನ್ನೊಂದು ಸೊಗಸು: ದಕ್ಷಿಣದ ಓಮೆಗಾ ಸೆಂಟಾರಿ ನಕ್ಷತ್ರಗುಚ್ಛ ಇಲ್ಲಿಂದ 30 ಡಿಗ್ರಿ ಎತ್ತರಕ್ಕೆ ಏರುತ್ತದೆ, ಯೂರೋಪಿನ ಬಹುಭಾಗಕ್ಕೆ ಅದು ಕಾಣುವುದೇ ಇಲ್ಲ. ಅಂಥ ಮಸುಕು ವಸ್ತುಗಳನ್ನು ಹುಡುಕುವಾಗ ಕ್ಯಾಮೆರಾ ಫೋನು ತನ್ನ ಬೆಲೆ ತೀರಿಸುತ್ತದೆ.

ಕೆ.ಆರ್. ನಗರದ ನಾಲೆ ಬಯಲಿನಲ್ಲಿ ಚಳಿಗಾಲದ ಇಬ್ಬನಿ ಮಸೂರವನ್ನು ಬೇಗ ಮಬ್ಬಾಗಿಸುತ್ತದೆ. ಡ್ರಾಯಿಂಗ್ ಶೀಟನ್ನು ಸುರುಳಿ ಸುತ್ತಿ ಮುಂಬಾಯಿಗೆ ತೊಡಿಸಿದರೆ ಸಾಕಷ್ಟು ತಡೆಯುತ್ತದೆ. ಮಬ್ಬಾದ ಮಸೂರವನ್ನು ಬಟ್ಟೆಯಿಂದ ಒರೆಸಬಾರದು, ತಾನಾಗಿ ಆರಲು ಬಿಡಬೇಕು, ಆರಿದ ಮೇಲೆಯೇ ಮುಚ್ಚಳ. ಮಳೆಗಾಲದಲ್ಲಿ ಗಾಜಿನ ಮೇಲೆ ಬೂಷ್ಟು ಬೆಳೆಯುತ್ತದೆ, ಒಮ್ಮೆ ಬೆಳೆದರೆ ಗಾಜನ್ನೇ ಕೊರೆಯುತ್ತದೆ. ಪೆಟ್ಟಿಗೆಯೊಳಗೆ ಸಿಲಿಕಾ ಜೆಲ್ ಪೊಟ್ಟಣಗಳನ್ನಿಟ್ಟು ತಿಂಗಳಿಗೊಮ್ಮೆ ಬದಲಿಸುವ ಕೆಲಸವನ್ನು ವಿಜ್ಞಾನ ಸಂಘದ ಇಬ್ಬರು ಮಕ್ಕಳ ಹೆಸರಿಗೆ ಬರೆದು, ಆ ಹಾಳೆಯನ್ನು ಬೀರುವಿನ ಬಾಗಿಲ ಒಳಗೆ ಅಂಟಿಸಿ ಬಂದಿದ್ದೇವೆ.